‘ಸ್ಲೋ ಡೌನ್’ ಅನ್ನಿಸಿಕೊಂಡ ನಮ್ಮ ಮಾವ

ನ್ಯೂಜೆರ್ಸಿಯಲ್ಲಿ ನಮ್ಮ ಮಾವನ ಕಾರನ್ನು ಹಿಂದೆ ಹಾಕದ ವಾಹನ ಯಾವುದಾದರೂ ಇದ್ದರೆ, ಅದು ಗ್ಯಾರೇಜಿನಲ್ಲಿ ರಿಪೇರಿಗೆ ನಿಂತಿದೆ ಎಂದೇ ತಿಳಿಯಬೇಕು! ಟರ್ನ್‌ಪೈಕ್ ಹೆದ್ದಾರಿಯಲ್ಲಿ ದೊಡ್ಡ ಟ್ರಕ್ಕುಗಳು ಹಿಂದೆ ಹಾಕುವುದು ಬಿಡಿ, ಅದನ್ನು ಲೆಕ್ಕಕ್ಕೇ ಇಡಬಾರದು. ನಮ್ಮ ಮಾವನನ್ನು ಒಮ್ಮೆ ಹುಲ್ಲು ಕತ್ತರಿಸುವ ಯಂತ್ರವೊಂದು ಹಿಂದೆ ಹಾಕಿದೆ. ಸುಳ್ಳಲ್ಲ, ನಾನು ಕಾರಿನೊಳಗೇ ಇದ್ದೆ. ಅದರ ಮೇಲೆ ಕುಳಿತಿದ್ದವನು ನಮ್ಮತ್ತ ಕೈ ಬೀಸಿದ. ಮಾವನೂ ಕೈ ಬೀಸಿ, "ಪಾಪ, ಏನೋ ಅರ್ಜೆಂಟು ಅವನಿಗೆ" ಎಂದರು.

ಇವರು ನನ್ನ ಅಮ್ಮನ ತಮ್ಮ. ಹುಟ್ಟಿದ್ದು ಮೈಸೂರಿನಲ್ಲಾದರೂ ಅರ್ಧಕ್ಕಿಂತ ಹೆಚ್ಚು ಆಯುಷ್ಯ ಕಳೆದದ್ದು ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ. ವೃತ್ತಿಯಿಂದ ಇಂಜಿನಿಯರು. ಯಾವುದರ ಇಂಜಿನಿಯರು ಎಂದುಕೊಂಡಿರಿ? ಬ್ರೇಕುಗಳದ್ದು! ದೊಡ್ಡ ಕಟ್ಟಡಗಳ ಲಿಫ್ಟುಗಳಿಗೆ ಬ್ರೇಕು ವಿನ್ಯಾಸ ಮಾಡುವುದೇ ಅವರ ಕೆಲಸವಾಗಿತ್ತು. ಜಗತ್ತಿನಲ್ಲಿ ಚಲಿಸುವ ವಸ್ತು ಇರುವುದೇ ನಿಲ್ಲಿಸುವುದಕ್ಕೆ ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಅಲ್ಲಿಂದಲೇ ಇರಬೇಕು.

ಇಷ್ಟು ನಿಧಾನಿಯಾದರೂ ಮಾವನ ಕಾರು ಹತ್ತದ ಕನ್ನಡಿಗ ನಮ್ಮ ಕಡೆ ಸಿಗುವುದು ಕಷ್ಟ. ಹೊಸದಾಗಿ ಓದಲು ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವವರು ಮಾವ. ಮಗಳ ಹೆರಿಗೆಗೆಂದು ಊರಿನಿಂದ ಬಂದ ಅಜ್ಜಿಯಂದಿರನ್ನು ದೇವಸ್ಥಾನಕ್ಕೆ ಕರೆದೊಯ್ಯುವವರು ಮಾವ. ಯಾರ ಕಾರು ಕೆಟ್ಟರೂ ಫೋನು ಹೋಗುವುದು ಮಾವನಿಗೇ. ನನ್ನನ್ನೂ ನೂವಾರ್ಕ್ ಏರ್‌ಪೋರ್ಟಿನಿಂದ ಕರೆತಂದವರು ಅವರೇ. ವಿಮಾನ ಇಳಿದದ್ದು ಮಧ್ಯಾಹ್ನ, ಮನೆ ಸೇರಿದ್ದು ರಾತ್ರಿ ಊಟದ ಹೊತ್ತಿಗೆ. "ಅಮೆರಿಕ ತುಂಬಾ ದೊಡ್ಡ ದೇಶ ಕಣಮ್ಮ" ಎಂದು ಅವತ್ತೇ ಅಮ್ಮನಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ. ಅದು ಅರ್ಧ ಗಂಟೆಯ ದಾರಿ ಎಂದು ತಿಳಿದದ್ದು ನಾನೇ ಲೈಸೆನ್ಸ್ ತೆಗೆದುಕೊಂಡ ಮೇಲೆ!

ಇನ್ನೊಬ್ಬರ ಕಾರನ್ನು ಮಾತ್ರ ಮಾವ ಹತ್ತಿದವರಲ್ಲ. ತಮಗೇ ಆಪರೇಷನ್ ಆದ ದಿನವೂ ಆಸ್ಪತ್ರೆಯ ಬಾಗಿಲಲ್ಲಿ ಕೀ ಕೈಗೆ ಕೊಡಿ ಎಂದು ನರ್ಸಿನ ಜೊತೆ ಜಗಳವಾಡಿದವರು. "ಬೇರೆಯವರಿಗೆ ಯಾಕೆ ತೊಂದರೆ?" ಎನ್ನುವುದು ಅವರ ವಾದ. ನರ್ಸಿಗೆ ಕೊಟ್ಟ ತೊಂದರೆ ಲೆಕ್ಕಕ್ಕಿಲ್ಲ ನೋಡಿ.

ಇಂಥ ಮಾವನ ಕಣ್ಣಿಗೆ ಹೋದ ವರ್ಷ ತೊಂದರೆ ಶುರುವಾಯಿತು. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಮಾಸುತ್ತಿದೆ. ಇನ್ನು ಡ್ರೈವ್ ಮಾಡುವುದನ್ನು ಕಡಿಮೆ ಮಾಡಿ, ಕತ್ತಲಲ್ಲಂತೂ ಬೇಡವೇ ಬೇಡ, ಸಾಧ್ಯವಾದರೆ ಪೂರ್ತಿ ನಿಲ್ಲಿಸಿ ಎಂದರು ಡಾಕ್ಟರು. ಮಾವ ಅದರಲ್ಲಿ ತಮಗೆ ಬೇಕಾದ ಭಾಗವನ್ನು ಮಾತ್ರ ಕೇಳಿಸಿಕೊಂಡು ಬಂದರು. "ಕತ್ತಲಲ್ಲಿ ಬೇಡ ಅಂದ್ರು. ಮೆಟುಚೆನ್‌ನಲ್ಲಿ ಎಲ್ಲಿದೆ ಹೇಳು ಕತ್ತಲೆ? ಅಂಗಡಿಗೊಂದು ಲೈಟು!"

ಅವರ ಒಬ್ಬಳೇ ಮಗಳು ಸ್ಮಿತಾ ಲಾಂಗ್ ಐಲೆಂಡಿನ ಜೆರಿಕೋದಲ್ಲಿದ್ದಾಳೆ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ರಾತ್ರಿ ಅಪ್ಪನ ಮನೆಯಿಂದ ಫೋನು ಬಂದರೆ ಸಾಕು, ಅವಳ ಎದೆ ಧಸಕ್ಕೆನ್ನುತ್ತಿತ್ತಂತೆ. ಕೀ ಬಿಟ್ಟುಕೊಡಿ ಎಂದು ಅಪ್ಪನಿಗೆ ಹೇಳಬೇಕು, ಆದರೆ ಬಾಯಿ ಬರುವುದಿಲ್ಲ. ಕೊನೆಗೆ ಆ ಕೆಲಸ ಯಾರ ತಲೆಗೆ ಬಂತು ಹೇಳಿ? "ಅಕ್ಕಾ, ಹೀ ಲಿಸನ್ಸ್ ಟು ಯು" ಎಂದು ಸ್ಮಿತಾ ನನ್ನ ಕೈ ಹಿಡಿದಳು. ಫೋರ್ಟ್ ಲೀಯ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ನೆಮ್ಮದಿಯಾಗಿದ್ದವಳು ನಾನು. ಜಾರ್ಜ್ ವಾಷಿಂಗ್ಟನ್ ಸೇತುವೆಯ ಟ್ರಾಫಿಕ್ಕನ್ನು ದಿನಾ ಎದುರಿಸುವ ಧೈರ್ಯ ನನಗಿದೆ. ಮಾವನನ್ನು ಎದುರಿಸುವ ಧೈರ್ಯ ಇದೆಯೆಂದು ಯಾರು ಹೇಳಿದರು ಇವಳಿಗೆ?

ಬೆಂಗಳೂರಿನಲ್ಲಿ ಒಂದು ಮದುವೆ ಮುಗಿಸಿ ನಾವು ನಾಲ್ವರೂ, ಅಂದರೆ ಮಾವ, ಅತ್ತೆ, ಸ್ಮಿತಾ ಮತ್ತು ನಾನು, ಲಂಡನ್ ಮೂಲಕ ವಾಪಸು ಬರುವುದಿತ್ತು. ನಡುವೆ ಎರಡು ದಿನ ಬಿಡುವು. ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ಒಂದು ದಿನದ ಮಟ್ಟಿಗೆ ದೋಣಿ ಬಾಡಿಗೆಗೆ ಸಿಗುತ್ತದೆ, ನಾವೇ ನಡೆಸಬಹುದು, ಲೈಸೆನ್ಸೂ ಬೇಡ ಎಂದು ಸ್ಮಿತಾ ಕಂಡುಹಿಡಿದಳು. ಅಪ್ಪ ಖುಷಿಯಾಗಿರುವಾಗ ನಿಧಾನಕ್ಕೆ ವಿಷಯ ತೆಗೆಯುವುದು ಅವಳ ಯೋಜನೆ. ಯೋಜನೆ ಅವಳದು, ತೆಗೆಯಬೇಕಾದ ಬಾಯಿ ನನ್ನದು.

ದೋಣಿ ನೋಡಿ ನಾನು ದಂಗಾದೆ. ನ್ಯಾರೋಬೋಟ್ ಎನ್ನುವ ಹೆಸರು ಸುಮ್ಮನೆ ಬಂದಿಲ್ಲ. ಅಗಲ ನಮ್ಮ ಅಡುಗೆಮನೆಯಷ್ಟು, ಉದ್ದ ಮಾತ್ರ ರೈಲಿನ ಡಬ್ಬಿಯಷ್ಟು! ಒಳಗೆ ಒಲೆ, ಸಿಂಕು, ಮೇಜು, ಮಂಚ. ಮುಂದೆ ಕೂರಲು ಬೆಂಚು. ನಡೆಸುವವನು ನಿಲ್ಲುವುದು ಎಲ್ಲಕ್ಕಿಂತ ಹಿಂದೆ, ಚುಕ್ಕಾಣಿಯ ಹಿಡಿ ಹಿಡಿದುಕೊಂಡು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ದೋಣಿಯ ಯಜಮಾನ, ಬಿಳಿ ಗಡ್ಡದ ದೊಡ್ಡ ಆಸಾಮಿ, ಎಲ್ಲ ವಿವರಿಸಿದ ಮೇಲೆ ಮಾವ ಕೇಳಿದ್ದು ಒಂದೇ ಪ್ರಶ್ನೆ.

"ವೇರ್ ಈಸ್ ದ ಬ್ರೇಕ್?"

"ದೇರ್ ಈಸಂಟ್ ಒನ್" ಎಂದ ಆತ.

ಮಾವನ ಮುಖ ನೋಡಬೇಕಿತ್ತು! ಜೀವನವಿಡೀ ಪೂಜಿಸಿದ ದೇವರೇ ಇಲ್ಲ ಎಂದು ಯಾರೋ ಹೇಳಿದಂತಾಯಿತು ಅವರಿಗೆ. ಆದರೆ ಆತ ಮುಂದೆ ಹೇಳಿದ ಮಾತಿಗೆ ಆ ಮುಖವೇ ಅರಳಿತು. ಈ ಕಾಲುವೆಯಲ್ಲಿ ಗಂಟೆಗೆ ನಾಲ್ಕು ಮೈಲಿಗಿಂತ ಜೋರಾಗಿ ಹೋಗುವಂತಿಲ್ಲ. ದಂಡೆಗೆ ಅಲೆ ಬಡಿದರೆ ನಿಮ್ಮ ವೇಗ ಜಾಸ್ತಿಯಾಯಿತು ಎಂದರ್ಥ. ಮಾವ ನನ್ನತ್ತ ತಿರುಗಿ, "ನೋಡಿದ್ಯಾ? ಮರ್ಯಾದಸ್ಥರ ದೇಶ" ಎಂದರು.

ಹೊರಡುವ ಮೊದಲು ನಿಂಬೆಹಣ್ಣಿನ ಕಾರ್ಯಕ್ರಮ. ಇದನ್ನು ಹೇಳದಿದ್ದರೆ ಮಾವನ ಚಿತ್ರ ಪೂರ್ತಿಯಾಗುವುದಿಲ್ಲ. ಬಾಡಿಗೆ ಕಾರೇ ಆಗಲಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಚಪ್ಪಟೆ ಮಾಡದೆ ಅವರು ಹೊರಟವರಲ್ಲ. ಹಿಂದಿನ ಸಂಜೆಯೇ ಹಳ್ಳಿಯ ಅಂಗಡಿಯಲ್ಲಿ ಹಣ್ಣು ಕೊಂಡು ಜೇಬಿನಲ್ಲಿಟ್ಟಿದ್ದರು. ಆದರೆ ದೋಣಿಗೆ ಚಕ್ರ ಎಲ್ಲಿಂದ ತರುವುದು?

"ನೀರಿಗೆ ಹಾಕಿಬಿಡ್ರೀ, ಗಂಗಮ್ಮ ತಗೋತಾಳೆ" ಎಂದರು ಅತ್ತೆ.

"ನೀರಿಗೆ ಹಾಕಿದ್ರೆ ತೇಲತ್ತೆ, ಚಪ್ಪಟೆ ಆಗಲ್ಲ" ಎಂದರು ಇಂಜಿನಿಯರು. ಸ್ವಲ್ಪ ಹೊತ್ತು ಯೋಚಿಸಿ, ಕಟ್ಟೆಗೂ ದೋಣಿಗೂ ನಡುವಿನ ಸಂದಿಯಲ್ಲಿ ಹಣ್ಣನ್ನು ಹಿಡಿದು, ನನಗೂ ಸ್ಮಿತಾಳಿಗೂ ಹಗ್ಗ ಎಳೆಯಲು ಹೇಳಿದರು. ದೋಣಿ ಮೆಲ್ಲಗೆ ಬಂದು ಕಟ್ಟೆಗೆ ತಾಗಿತು. ಪಚಕ್! ಶಾಸ್ತ್ರ ಮುಗಿಯಿತು. ಗಡ್ಡದವನು ದೂರದಿಂದಲೇ ಇದನ್ನೆಲ್ಲ ನೋಡುತ್ತಿದ್ದ. ಹತ್ತಿರ ಬಂದು, ನಿಂಬೆಹಣ್ಣು ಜಿನ್ ಜೊತೆ ಕುಡಿಯಲೋ ಎಂದು ವಿಚಾರಿಸಿದ. ಅಪಘಾತ ಆಗದಿರಲಿ ಎಂದು ಹೀಗೆ ಮಾಡುತ್ತೇವೆ ಎಂದು ಅತ್ತೆ ಗಂಭೀರವಾಗಿ ವಿವರಿಸಿದರು. ಆತ ತಲೆ ಕೆರೆದುಕೊಂಡು, ಇನ್ನೊಂದು ಹಣ್ಣು ಮಿಕ್ಕಿದೆಯೇ, ನನ್ನ ವ್ಯಾನು ಆಗಾಗ ಕೈಕೊಡುತ್ತದೆ ಎಂದ. ಮಾವ ಜೇಬಿಗೆ ಕೈ ಹಾಕಿ ಇನ್ನೊಂದು ತೆಗೆದುಕೊಟ್ಟರು. ಇಷ್ಟು ಸಂತೋಷದ ಸಮಯದಲ್ಲಿ ಕಾರಿನ ಕೀ ವಿಷಯ ಎತ್ತುವುದು ಹೇಗೆ? ಮುಂದಕ್ಕೆ ಹಾಕಿದೆ.

ದೋಣಿ ಹೊರಟಿತು. ಹೊರಟಿತು ಎಂದು ನಮಗೆ ತಿಳಿದದ್ದು ದಂಡೆಯ ಮರ ಸ್ವಲ್ಪ ಹಿಂದೆ ಸರಿದ ಮೇಲೆ! ಪಕ್ಕದ ಕಾಲುದಾರಿಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಬಂದ ಹೆಂಗಸೊಬ್ಬಳು ನಮ್ಮನ್ನು ಹಿಂದೆ ಹಾಕಿದಳು. ಆಮೇಲೆ ಒಬ್ಬ ಮುದುಕ. ಆಮೇಲೆ ಆ ಮುದುಕನ ಮುದಿ ನಾಯಿ. ಮಾವ ಎಲ್ಲರಿಗೂ ಟೋಪಿ ಎತ್ತಿ ನಮಸ್ಕರಿಸುತ್ತಿದ್ದರು. ಅವರನ್ನು ಇಷ್ಟು ನಿರಾಳವಾಗಿ ನಾನು ಕಂಡೇ ಇರಲಿಲ್ಲ. ಹಿಂದಿನಿಂದ ಹಾರ್ನ್ ಮಾಡುವವರಿಲ್ಲ, ಪಕ್ಕದಲ್ಲಿ ಬಂದು ಬಯ್ದು ಹೋಗುವವರಿಲ್ಲ.

ಎದುರಿನಿಂದ ಮೊದಲ ದೋಣಿ ಕಂಡಾಗ ಮಾತ್ರ ಗಲಿಬಿಲಿಯಾಯಿತು. ಮೈಸೂರಿನಲ್ಲಿ ಎಡಗಡೆ ಸ್ಕೂಟರ್ ಓಡಿಸಿದವರು ಮಾವ. ಅಮೆರಿಕಕ್ಕೆ ಬಂದು ಬಹಳ ಕಷ್ಟಪಟ್ಟು ಬಲಗಡೆ ಕಲಿತವರು. ಈಗ ಇಂಗ್ಲೆಂಡಿನಲ್ಲಿದ್ದೇವೆ, ಇಲ್ಲಿಯೂ ಎಡಗಡೆಯೇ ಎಂದು ದೃಢವಾಗಿ ಎಡಕ್ಕೆ ಹೊರಟರು. ಎದುರಿನ ದೋಣಿಯವನು ಕೈಯಾಡಿಸಿ ಏನೋ ಕೂಗುತ್ತಿದ್ದ.

"ಅಪ್ಪಾ! ಕೀಪ್ ರೈಟ್! ಆನ್ ದ ಕೆನಾಲ್ ಯು ಕೀಪ್ ರೈಟ್!" ಎಂದು ಮುಂದಿನಿಂದ ಸ್ಮಿತಾ ಕಿರುಚಿದಳು.

"ಇದು ಇಂಗ್ಲೆಂಡು ಕಣಮ್ಮ!"

"ನೀರಲ್ಲಿ ಬೇರೆ ರೂಲಂತೆ ರೀ, ಆ ಗಡ್ಡದವರು ಹೇಳಿರ್ಲಿಲ್ವಾ?" ಎಂದು ಅತ್ತೆ ದನಿಗೂಡಿಸಿದರು.

ಮಾವ ಹಿಡಿಯನ್ನು ಅತ್ತ ತಳ್ಳಿ, ಇತ್ತ ಎಳೆದು, ಅಂತೂ ಬಲಕ್ಕೆ ಬಂದರು. ಎರಡೂ ದೋಣಿಗಳು ಒಂದನ್ನೊಂದು ಸವರಿಕೊಂಡು ಹೋದವು. ತಪ್ಪು ಒಪ್ಪಿಕೊಳ್ಳಬಹುದೆಂದು ಕಾದೆ. "ಅಬ್ಬಾ, ಇಂಗ್ಲೆಂಡಿನಲ್ಲೂ ಒಂದು ದಾರಿ ನ್ಯೂಜೆರ್ಸಿ ಕಾನೂನು ಪಾಲಿಸ್ತಿದೆಯಲ್ಲ!" ಎಂದು ಮೆಚ್ಚುಗೆ ಸೂಚಿಸಿದರು ಮಹಾನುಭಾವರು.

ಮುಂದೆ ಲಾಕ್ ಬಂತು. ಎತ್ತರದಿಂದ ತಗ್ಗಿಗೆ ದೋಣಿ ಇಳಿಸಲು ಎರಡು ಗೇಟುಗಳ ನಡುವೆ ಕಟ್ಟಿದ ನೀರಿನ ತೊಟ್ಟಿ ಅದು. ಒಂದು ಸಲಕ್ಕೆ ಒಂದೇ ದೋಣಿ. ನಮ್ಮ ಜೊತೆಗೇ ಇನ್ನೊಂದು ದೋಣಿ ಬಂದು ನಿಂತಿತ್ತು, ಅದನ್ನು ನಡೆಸುತ್ತಿದ್ದವರು ಕನ್ನಡಕದ ಒಬ್ಬ ಇಂಗ್ಲಿಷ್ ಅಜ್ಜ. ಮೆಟುಚೆನ್‌ನಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಎಲ್ಲರನ್ನೂ ಮುಂದೆ ಬಿಟ್ಟು, ಹಿಂದಿನವರ ಶಾಪ ಹಾಕಿಸಿಕೊಳ್ಳುವುದು ಮಾವನ ಹಳೆಯ ಅಭ್ಯಾಸ. ಇಲ್ಲಿಯೂ ಕೈ ಚಾಚಿ, "ಯು ಫಸ್ಟ್, ಪ್ಲೀಸ್" ಎಂದರು. ಅಜ್ಜ, "ಓ ನೋ, ಆಫ್ಟರ್ ಯು" ಎಂದರು. "ನೋ ನೋ, ಯು." "ಐ ವುಡಂಟ್ ಡ್ರೀಮ್ ಆಫ್ ಇಟ್." ಮಾವನಿಗೆ ಸರಿಜೋಡಿ ಈ ಭೂಮಿಯ ಮೇಲೆ ಸಿಕ್ಕಿದ್ದು ಇದೇ ಮೊದಲು! ಇಬ್ಬರೂ ಹೀಗೆ ಮರ್ಯಾದೆಯ ಕುಸ್ತಿ ಆಡುತ್ತಿರುವಾಗ ಹಿಂದಿನಿಂದ ಬಂದ ಮೂರನೆಯ ದೋಣಿಯೊಂದು ಥ್ಯಾಂಕ್ಯೂ ಹೇಳಿ ಲಾಕ್‌ನೊಳಗೆ ನುಗ್ಗಿಬಿಟ್ಟಿತು. ಕಾಯುವ ಹೊತ್ತಿಗೆ ಅತ್ತೆ ಒಳಗಿನ ಒಲೆಯ ಮೇಲೆ ಉಪ್ಪಿಟ್ಟು ಕೆದಕಿದರು. ಇಂಗ್ಲಿಷ್ ಅಜ್ಜ ಎರಡು ಸಲ ಹಾಕಿಸಿಕೊಂಡು ತಿಂದರು. ಮೂರನೆಯ ಸಲಕ್ಕೆ "ಆಫ್ಟರ್ ಯು" ಎನ್ನಲಿಲ್ಲ.

ಲಾಕ್ ದಾಟಿದ ಮೇಲೆ ದಂಡೆಯುದ್ದಕ್ಕೂ ಕಟ್ಟಿಹಾಕಿದ ದೋಣಿಗಳ ಸಾಲು. ಅವುಗಳಲ್ಲಿ ಜನ ಸಂಸಾರ ಹೂಡಿದ್ದಾರೆ. ಮೇಲೆ ಹೂವಿನ ಕುಂಡ, ಸೌದೆ, ಬೆಕ್ಕು. ಸಾಗುವ ದೋಣಿಯ ಅಲೆಗೆ ಅವರ ಚಹಾ ಚೆಲ್ಲುತ್ತದಂತೆ. ಆ ಸಾಲಿನ ನಡುವಿನ ಕಿಟಕಿಯೊಂದರಿಂದ ಕೆಂಪು ಮುಖವೊಂದು ಹೊರಬಂದು ನಮ್ಮ ಮಾವನನ್ನೇ ನೋಡಿ ಗುಡುಗಿತು.

"ಸ್ಲೋ ಡೌನ್!"

ಮಾವ ಹಿಂದಕ್ಕೆ ತಿರುಗಿ ನೋಡಿದರು, ಹಿಂದೆ ಬೇರೆ ಯಾರೂ ಇರಲಿಲ್ಲ. ಎದೆ ಮುಟ್ಟಿಕೊಂಡು, "ಮೀ?" ಎಂದು ಕೇಳಿದರು.

"ಯೆಸ್, ಯು! ಸ್ಲೋ ಡೌನ್!"

"ಕೇಳಿಸ್ತೇನೇ?" ಎಂದು ಅತ್ತೆಯತ್ತ ಕೂಗಿದರು ಮಾವ. "ನನಗೆ! ನನಗೆ ಹೇಳಿದ, ಸ್ಲೋ ಡೌನ್ ಅಂತ!" ಆಮೇಲೆ ಆ ಕೆಂಪು ಮುಖದತ್ತ ಕೈ ಮುಗಿದು, "ಥ್ಯಾಂಕ್ಯೂ ಸರ್! ಥ್ಯಾಂಕ್ಯೂ ವೆರಿ ಮಚ್!" ಎಂದರು. ಪಾಪ, ಆತ ಕಿಟಕಿ ಮುಚ್ಚಿಕೊಂಡ. ಅತ್ತೆ ನಗು ತಡೆಯಲಾರದೆ ಬೆಂಚಿನ ಮೇಲೆ ಕುಸಿದರು, ಸ್ಮಿತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾವ ನನ್ನನ್ನು ಕರೆದು, "ಇದನ್ನ ಮೈಸೂರಿಗೆ ಫೋನ್ ಮಾಡಿ ನಿಮ್ಮಮ್ಮನಿಗೆ ಈಗಲೇ ಹೇಳು. ನಾನು ಹೇಳಿದ್ರೆ ನಂಬಲ್ಲ ಅವಳು" ಎಂದರು. ಹೇಳಿ, ಇಂಥವರ ಮುಂದೆ ನಾನು ಬಾಯಿ ತೆಗೆಯುವುದಾದರೂ ಹೇಗೆ? ಸ್ಮಿತಾ ಮುಂದಿನಿಂದ ಹುಬ್ಬು ಹಾರಿಸಿ, ಹೇಳಿದೆಯಾ ಎಂದು ಸನ್ನೆ ಮಾಡಿದಳು. ನಾನು ಬಾತುಕೋಳಿ ನೋಡುತ್ತಿರುವಂತೆ ನಟಿಸಿದೆ.

ಹೀಗೆ ಸಾಗಿದ ದಿನ ಒಂದು ಸೇತುವೆಯ ಹತ್ತಿರ ತಿರುಗಿತು. ಕಮಾನಿನ ಎಡಬದಿಯಿಂದ ಪುಟ್ಟ ಕಯಾಕ್ ದೋಣಿಯೊಂದು ಬರುತ್ತಿತ್ತು. ಹುಟ್ಟು ಹಾಕುತ್ತಿದ್ದವಳು ಬೆಳ್ಳಗಿನ ಕೂದಲಿನ ಹೆಂಗಸು. ನಾನು ನೋಡಿದೆ, ಮುಂದೆ ಕುಳಿತ ಇಬ್ಬರೂ ನೋಡಿದರು. ಮಾವನೂ ನೋಡಿರುತ್ತಾರೆ ಎಂದೇ ಎಲ್ಲರೂ ಅಂದುಕೊಂಡೆವು. ಆದರೆ ನಮ್ಮ ದೋಣಿಯ ಮೂತಿ ನೇರ ಅವಳತ್ತಲೇ ಹೋಗುತ್ತಿತ್ತು.

"ರೀ! ಎಡಗಡೆ ನೋಡ್ರೀ! ನಿಲ್ಲಿಸ್ರೀ!"

ಅತ್ತೆ ಹಾಗೆ ಕೂಗಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಮಾವ ಇಂಜಿನ್ನನ್ನು ಹಿಮ್ಮುಖಕ್ಕೆ ಹಾಕಿದರು. ಅಷ್ಟುದ್ದದ ಕಬ್ಬಿಣದ ದೋಣಿ, ಹಾಕಿದ ತಕ್ಷಣ ನಿಂತೀತೇ? ನೀರು ಕೊತಕೊತ ಎಂದಿತು, ದೋಣಿ ನಡುಗಿತು. ಆ ಹೆಂಗಸು ಹುಟ್ಟಿನಿಂದ ನಮ್ಮ ದೋಣಿಯ ಪಕ್ಕವನ್ನು ಒತ್ತಿ ತಳ್ಳಿಕೊಂಡು ಹೇಗೋ ಪಕ್ಕಕ್ಕೆ ಸರಿದಳು. ಒಂದು ಮೊಳ, ಅಷ್ಟೇ ಅಂತರ. ಹೋಗುವಾಗ ಅವಳೇ ನಮಗೆ ಸಾರಿ ಹೇಳಿದಳು.

ಯಾರೂ ನಗಲಿಲ್ಲ. ದೋಣಿ ತೇಲುತ್ತಾ ಹೋಗಿ ದಂಡೆಯ ಹತ್ತಿರ ನಿಂತಿತು. ಮಾವ ಚುಕ್ಕಾಣಿಯ ಹಿಡಿ ಬಿಟ್ಟು ನನ್ನತ್ತ ತಿರುಗಿದರು.

"ಬಾ ಇಲ್ಲಿ. ಹಿಡಿ ಇದನ್ನ" ಎಂದರು.

"ಮಾವಾ, ನನಗೆ ಬರಲ್ಲ."

"ಬೆಳಿಗ್ಗೆ ನನಗೂ ಬರ್ತಿರಲಿಲ್ಲ. ಹಿಡಿ." ಹಿಡಿದೆ. ಮಾವ ಕೇಳಿದರು, "ಆಯಮ್ಮನ್ನ ನೀನು ಯಾವಾಗ ನೋಡಿದೆ?"

"ಸೇತುವೆ ಕೆಳಗಿದ್ದಾಗಲೇ ಮಾವ."

"ಅಷ್ಟು ದೂರದಿಂದಾನಾ?" ಎಂದರು. "ನನಗೆ ಎಲ್ಲೂ ಇರಲಿಲ್ಲ ಅವಳು. ಇದ್ದಕ್ಕಿದ್ದ ಹಾಗೆ ಕಣ್ಣೆದುರಿಗೆ ಬಂದಳು. ನಿಧಾನವಾಗಿ ಹೋದ್ರೆ ಸಾಕು, ಯಾರಿಗೂ ಏನೂ ಆಗಲ್ಲ ಅಂದ್ಕೊಂಡಿದ್ದೆ ಕಣೇ."

ಇಡೀ ದಿನ ಹೇಳಬೇಕೆಂದುಕೊಂಡ ಮಾತು ಈಗ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಹೇಳುವುದಕ್ಕೆ ಅವರು ಬಿಡಲಿಲ್ಲ.

"ನೀನೇನು ಹೇಳಬೇಕು ಅಂತ ಬಂದಿದ್ದೀಯ, ಗೊತ್ತು ನನಗೆ. ನೀನು ಹೇಳಬೇಡ. ಸ್ಮಿತಾ ಹತ್ರಾನೂ ಹೇಳಿಸಬೇಡ. ಅಪ್ಪನ ಕೈಯಿಂದ ಕೀ ಕಿತ್ಕೊಂಡೆ ಅಂತ ನನ್ನ ಮಗಳ ಮನಸ್ಸಲ್ಲಿ ಉಳೀಬಾರದು. ನಾನು ಮಾತಾಡ್ತೀನಿ."

ಮಾವ ಬಗ್ಗಿ ದೋಣಿಯ ಒಳಗೆ ಇಳಿದು, ಒಲೆ ದಾಟಿ, ಮೇಜು ದಾಟಿ, ಗೋಡೆ ಹಿಡಿದುಕೊಂಡು ಮುಂದಿನ ಬಾಗಿಲಿಗೆ ನಡೆದರು. ಹೋಗಿ ಅತ್ತೆ ಮತ್ತು ಸ್ಮಿತಾರ ನಡುವೆ ಕುಳಿತರು. ನನಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು. ಇಂಜಿನ್ನಿನ ಸದ್ದಿಗೆ ಮಾತು ಕೇಳಿಸಲಿಲ್ಲ. ನಾನು ದೋಣಿಯನ್ನು ಹೇಗೋ ಕಾಲುವೆಯ ನಡುವೆ ಇಟ್ಟುಕೊಂಡು ಮುಂದೆ ಸಾಗಿದೆ. ಒಂದಷ್ಟು ಹೊತ್ತಿನ ಮೇಲೆ ಸ್ಮಿತಾ ಎದ್ದು ಹಿಂದಕ್ಕೆ ಬಂದಳು. ಕಣ್ಣು, ಮೂಗು ಎಲ್ಲ ಕೆಂಪಾಗಿದ್ದವು.

"ಏನಂದ್ರು?"

"ಶನಿವಾರ ತರಕಾರಿಗೆ ಹೋಗಬೇಕು, ಕರ್ಕೊಂಡು ಹೋಗ್ತೀಯಾ ಮಗಳೇ, ಅಂತ ಕೇಳಿದ್ರು" ಎಂದಳು. ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ.

ಜೆರಿಕೋದಿಂದ ಎರಡೆರಡು ಸೇತುವೆ ದಾಟಿ, ಟ್ರಾಫಿಕ್ಕಿನಲ್ಲಿ ಸೊರಗಿ ಮೆಟುಚೆನ್‌ಗೆ ಬರಬೇಕು ಅವಳು. ಅಲ್ಲಿಂದ ತರಕಾರಿ ಅಂಗಡಿ ಕೂಗಳತೆಯ ದೂರ.

"ನೀನೇನಂದೆ?"

"ಪ್ರತಿ ಶನಿವಾರಾನೂ ಬರ್ತೀನಿ ಅಂದೆ. ಅಕ್ಕಾ, ಅಪ್ಪ ನನ್ನ ಹತ್ರ ಏನನ್ನೂ ಕೇಳಿರಲೇ ಇಲ್ಲ. ಇವತ್ತೇ ಫಸ್ಟ್ ಟೈಮ್."

ಅಷ್ಟು ಹೇಳಿ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. ನನಗೂ ಅಳು ಬಂತು. ಜೀವನವಿಡೀ ಊರಿನವರನ್ನೆಲ್ಲ ಹೊತ್ತು ತಿರುಗಿದ ಮನುಷ್ಯ, ಮಗಳಿಗೆ ನೋವಾಗಬಾರದೆಂದು, ಕೊಡುವುದನ್ನು ಬಿಟ್ಟು ಕೇಳುವುದನ್ನು ಕಲಿತಿದ್ದರು. ಎಷ್ಟು ಕಷ್ಟವಾಗಿರಬೇಕು ಅವರಿಗೆ! ನಾವಿಬ್ಬರೂ ಹೀಗೆ ಕಣ್ಣೊರೆಸಿಕೊಳ್ಳುತ್ತಿರುವಾಗ ಚುಕ್ಕಾಣಿ ಯಾರ ಕೈಯಲ್ಲೂ ಇರಲಿಲ್ಲ. ದೋಣಿ ತನ್ನಷ್ಟಕ್ಕೆ ತಾನು ಹೋಗಿ ದಂಡೆಯ ಪೊದೆಯೊಳಗೆ ಮೂತಿ ತೂರಿಸಿ ನಿಂತುಬಿಟ್ಟಿತು.

ಮುಂದೆ ಎಲೆಗಳ ನಡುವಿನಿಂದ ಮಾವನ ದನಿ ಕೇಳಿತು. "ಪರವಾಗಿಲ್ಲ ಮಕ್ಕಳಾ, ನಿಧಾನಕ್ಕೆ ತೆಗೀರಿ. ನಾವಿಬ್ರೂ ಇಲ್ಲಿ ಆರಾಮಾಗಿದ್ದೀವಿ."